'ಬರೆದಾಯ್ತು' ಅಂದ್ರೆ ನಿಜಕ್ಕೂ ಬರೆದಾಯ್ತಾ?

ಆಫೀಸಿನ ಸರ್ವರ್ ಮೇಲಿರೋ ಒಂದು ಫೈಲು ತೆಗೀತೀರಿ, ನಾಲ್ಕು ಸಾಲು ಸೇರಿಸ್ತೀರಿ, 'ಸೇವ್' ಒತ್ತುತ್ತೀರಿ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತೆ. ಆ ಕ್ಷಣದಲ್ಲಿ ನಿಮ್ಮ ನಾಲ್ಕು ಸಾಲು ಎಲ್ಲಿವೆ ಅಂತ ಯಾವಾಗಲಾದರೂ ಯೋಚಿಸಿದ್ದೀರಾ? ನಿಮ್ಮ ಕಂಪ್ಯೂಟರಿನ ಮೆಮೊರಿಯಲ್ಲಾ? ದಾರಿಯಲ್ಲಾ? ಸರ್ವರಿನ ಮೆಮೊರಿಯಲ್ಲಾ? ಇಲ್ಲಾ ನಿಜಕ್ಕೂ ಡಿಸ್ಕಿನ ಮೇಲಾ? ಅದೇ ಹೊತ್ತಿಗೆ ಸರ್ವರ್ ರೂಮಿನ ಕರೆಂಟು ಹೋದರೆ ಆ ಸಾಲುಗಳು ಉಳಿಯುತ್ತವಾ?

ಮೇಲ್ನೋಟಕ್ಕೆ ಇದು ಇಂಜಿನಿಯರುಗಳ ತಲೆನೋವು. ಆದರೆ ಸ್ವಲ್ಪ ಕೆದಕಿದರೆ ಸಿಗೋದು ಒಂದು ಮಾತಿನ ಇತಿಹಾಸ. ಫೈಲ್ ಸರ್ವರ್ 'ಬರೆದಾಯ್ತು' ಅಂತ ಹೇಳುತ್ತಲ್ಲ, ಆ ಒಂದು ಮಾತು. ಅದನ್ನ ಯಾವಾಗ ಹೇಳಬಹುದು, ಹೇಳಿದ ಮೇಲೆ ಯಾರು ಹೊಣೆ ಅನ್ನೋದರ ಬಗ್ಗೆ ನಲವತ್ತು ವರ್ಷಗಳಿಂದ ಜಗಳ, ಮೋಸ, ರಾಜಿ ಎಲ್ಲ ನಡೆದಿವೆ. ಇವತ್ತು ಅದನ್ನೇ ಹೇಳೋಣ ಅಂತ. ತಾಂತ್ರಿಕ ವಿಷಯ ಅಂತ ಓಡಿಹೋಗಬೇಡಿ, ಅಂಗಡಿ ಲೆಕ್ಕ ಗೊತ್ತಿದ್ದರೆ ಸಾಕು :)

ಮೊದಲು ಒಂದೇ ಕಂಪ್ಯೂಟರಿನ ಕಥೆ. ಡಿಸ್ಕ್ ನಿಧಾನ, ಮೆಮೊರಿ ವೇಗ. ಹಾಗಾಗಿ 1970ರ ದಶಕದ ಯುನಿಕ್ಸ್ ಕಾಲದಿಂದಲೇ ಬರೆದದ್ದನ್ನೆಲ್ಲ ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, ಆಮೇಲೆ ಬಿಡುವಾದಾಗ ಡಿಸ್ಕಿಗೆ ಇಳಿಸೋ ಪದ್ಧತಿ ಇತ್ತು. ಹೀಗೆ ಮೆಮೊರಿಯಲ್ಲಿಟ್ಟ ಪ್ರತಿಯೇ ಕ್ಯಾಶ್ (ದುಡ್ಡಲ್ಲ!). ಅದನ್ನ ತಡವಾಗಿ ಡಿಸ್ಕಿಗೆ ಇಳಿಸೋದೇ ರೈಟ್‌ಬ್ಯಾಕ್. ಅಂಗಡಿಯವರು ಗಿರಾಕಿ ಎದುರಿಗಿದ್ದಾಗ ಚೀಟಿಯಲ್ಲಿ ಗೀಚಿಕೊಂಡು, ಗದ್ದಲ ಕಡಿಮೆಯಾದ ಮೇಲೆ ಖಾತೆ ಪುಸ್ತಕಕ್ಕೆ ಏರಿಸ್ತಾರಲ್ಲ, ಹಾಗೆ. ಯುನಿಕ್ಸಿನಲ್ಲಿ 'ಅಪ್‌ಡೇಟ್' ಅನ್ನೋ ಪುಟ್ಟ ಪ್ರೋಗ್ರಾಮು 30 ಸೆಕೆಂಡಿಗೊಮ್ಮೆ ಎದ್ದು 'ಎಲ್ಲಾ ಚೀಟಿ ಖಾತೆಗೆ ಏರಿಸ್ರಪ್ಪಾ' ಅಂತ ಕೂಗಿ ಮತ್ತೆ ಮಲಗ್ತಿತ್ತು. ಮಿಷನ್ ಆಫ್ ಮಾಡೋ ಮುಂಚೆ 'ಸಿಂಕ್' ಅಂತ ಮೂರು ಸಲ ಟೈಪ್ ಮಾಡಬೇಕು ಅನ್ನೋ ಹಳೇ ಯುನಿಕ್ಸಿಗರ ಶಾಸ್ತ್ರ ಕೂಡ ಈ ಕಾಲದ್ದೇ. ಸಿಂಕ್ ಕೆಲಸ ಶುರು ಮಾಡಿಸಿ ತಕ್ಷಣ ವಾಪಸ್ ಬರ್ತಿತ್ತು, ಮುಗಿಯೋವರೆಗೆ ಕಾಯ್ತಿರಲಿಲ್ಲ. ಇನ್ನೆರಡು ಸಲ ಟೈಪ್ ಮಾಡೋ ಹೊತ್ತಿಗೆ ಮೊದಲನೆಯದು ಮುಗಿದಿರಲಿ ಅನ್ನೋ ಲೆಕ್ಕ ಅಷ್ಟೆ.

ಈ ತಡ ಮಾಡೋದರಲ್ಲಿ ವೇಗದ ಜೊತೆ ಇನ್ನೊಂದು ಲಾಭವಿತ್ತು. 1985ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಜಾನ್ ಔಸ್ಟರ್‌ಹೌಟ್ ಮತ್ತು ಸಂಗಡಿಗರು ಯುನಿಕ್ಸ್ ಫೈಲುಗಳು ನಿಜವಾಗಿ ಹೇಗೆ ಬಳಕೆಯಾಗ್ತವೆ ಅಂತ ಅಳೆದು ನೋಡಿದರು. ಹೊಸದಾಗಿ ಬರೆದ ಮಾಹಿತಿಯಲ್ಲಿ ಶೇಕಡಾ 20ರಿಂದ 30ರಷ್ಟು 30 ಸೆಕೆಂಡಿನೊಳಗೇ ಅಳಿಸಿಹೋಗ್ತಿತ್ತು! ಐದು ನಿಮಿಷದೊಳಗೆ ಸುಮಾರು ಅರ್ಧ. ಕಂಪೈಲರ್ ಮಾಡೋ ತಾತ್ಕಾಲಿಕ ಫೈಲುಗಳನ್ನ ನೆನಪಿಸಿಕೊಳ್ಳಿ. ಅಂದಮೇಲೆ ಸ್ವಲ್ಪ ತಡೆದು ಬರೆದರೆ ಎಷ್ಟೋ ಬರೆಯೋ ಕೆಲಸವೇ ಉಳಿಯುತ್ತೆ. ಸೋಮಾರಿತನಕ್ಕೆ ಇಷ್ಟು ಒಳ್ಳೇ ಸಮರ್ಥನೆ ಬೇರೆಲ್ಲೂ ಸಿಗಲ್ಲ ಬಿಡಿ :)

ನಡುವೆ ಕರೆಂಟು ಹೋದರೆ? ಕೊನೆಯ ಅರ್ಧ ನಿಮಿಷದ ಕೆಲಸ ಹೋಗುತ್ತೆ. ಆದರೆ ಒಂದು ವಿಷಯ ಗಮನಿಸಿ. ಒಂದೇ ಕಂಪ್ಯೂಟರ್ ಆದಾಗ ಬರೆಯಿಸಿದ ಪ್ರೋಗ್ರಾಮೂ ಅದರ ಜೊತೆಗೇ ಸಾಯುತ್ತೆ. ಎದುರಿಗೆ ಕೂತವರಿಗೆ ಮಿಷನ್ ಸತ್ತಿದ್ದು ಕಾಣುತ್ತೆ, ಎಷ್ಟು ಉಳೀತು ಅಂತ ನೋಡ್ಕೋತಾರೆ. ಯಾರೂ ಯಾರನ್ನೂ ನಂಬಿ ಮೋಸ ಹೋಗಿರಲ್ಲ.

ಫೈಲು ಬೇರೆ ಮಿಷನ್ನಿಗೆ ಹೋದ ದಿನ ಈ ನೆಮ್ಮದಿ ಹೋಯ್ತು. ಸರ್ವರ್ ಸತ್ತು ಎರಡು ನಿಮಿಷದಲ್ಲಿ ಮತ್ತೆ ಏಳುತ್ತೆ. ನಿಮ್ಮ ಮೇಜಿನ ಮೇಲಿನ ಕಂಪ್ಯೂಟರ್ ಬದುಕೇ ಇರುತ್ತೆ, ಅದರಲ್ಲಿರೋ ಪ್ರೋಗ್ರಾಮು 'ಆಗಲೇ ಬರೆದಾಯ್ತು ಅಂದಿದ್ರಲ್ಲ' ಅಂತ ನಂಬಿಕೊಂಡು ಮುಂದಿನ ತುಂಡು ಕಳಿಸ್ತಾ ಹೋಗುತ್ತೆ. ಸರ್ವರ್ ಮೆಮೊರಿಯಲ್ಲಿ ಇದ್ದ ತುಂಡು ಮಾಯವಾಗಿದ್ದು ಯಾರಿಗೂ ಗೊತ್ತಾಗಲ್ಲ. ಫೈಲಿನ ಮೊದಲೂ ಸರಿ, ಕೊನೆಯೂ ಸರಿ, ನಡುವೆ ಒಂದು ತೂತು! ಅದು ಕಣ್ಣಿಗೆ ಬೀಳೋದು ಯಾವತ್ತೋ, ಆ ಫೈಲು ನಿಜವಾಗಿ ಬೇಕಾದ ದಿನ.

ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯವರು ಎನ್‌ಎಫ್‌ಎಸ್ ಅಂದರೆ ನೆಟ್‌ವರ್ಕ್ ಫೈಲ್ ಸಿಸ್ಟಮ್ ಕಟ್ಟಿದಾಗ ಈ ಅಪಾಯ ಅವರ ಎದುರಿಗಿತ್ತು. ರಸೆಲ್ ಸ್ಯಾಂಡ್‌ಬರ್ಗ್, ಬಾಬ್ ಲಯನ್ ಮತ್ತು ಸಂಗಡಿಗರು 1985ರಲ್ಲಿ ಅದರ ವಿನ್ಯಾಸವನ್ನ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದರು. ಅವರ ಮುಖ್ಯ ತೀರ್ಮಾನ: ಸರ್ವರ್ ಏನನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಯಾರು ಯಾವ ಫೈಲು ತೆರೆದಿದ್ದಾರೆ, ಎಲ್ಲಿವರೆಗೆ ಓದಿದ್ದಾರೆ, ಯಾವ ಲೆಕ್ಕವೂ ಬೇಡ. ಪ್ರತಿ ಕೋರಿಕೆಯಲ್ಲೂ ಬೇಕಾದ್ದೆಲ್ಲ ಇರುತ್ತೆ. ಸರ್ವರ್ ಸತ್ತರೆ ಕ್ಲೈಂಟ್ ಉತ್ತರ ಬರೋವರೆಗೆ ಅದೇ ಕೋರಿಕೆಯನ್ನ ಮತ್ತೆ ಮತ್ತೆ ಕಳಿಸ್ತಾ ಇರುತ್ತೆ. ಸರ್ವರ್ ಎದ್ದ ಮೇಲೆ ಏನೂ ಆಗಿಲ್ಲವೇನೋ ಅನ್ನೋ ಹಾಗೆ ಕೆಲಸ ಮುಂದುವರಿಯುತ್ತೆ. ಸೊಗಸಾದ ಯೋಚನೆ!

ಆದರೆ ಈ ಸರಳತೆಗೆ ಒಂದು ಕಠಿಣ ಷರತ್ತು. ಏನೂ ನೆನಪಿಟ್ಟುಕೊಳ್ಳದ ಸರ್ವರ್, 'ಬರೆದಾಯ್ತು' ಅಂದಮೇಲೆ ಅದು ನಿಜಕ್ಕೂ ಡಿಸ್ಕಿನ ಮೇಲೇ ಇರಬೇಕು. ಯಾಕಂದ್ರೆ ಉತ್ತರ ಸಿಕ್ಕ ಕೂಡಲೇ ಕ್ಲೈಂಟ್ ತನ್ನ ಪ್ರತಿಯನ್ನ ಎಸೆಯುತ್ತೆ. 1989ರಲ್ಲಿ ಆರ್‌ಎಫ್‌ಸಿ 1094 ಅಂತ ಪ್ರಕಟವಾದ ಎರಡನೇ ಆವೃತ್ತಿಯ ನಿಯಮಾವಳಿಯಲ್ಲಿ ಇದು ಸ್ಪಷ್ಟವಾಗೇ ಇದೆ: ಉತ್ತರ ಬಂತು ಅಂದ್ರೆ ಮಾಹಿತಿ ಸ್ಥಿರವಾದ ಜಾಗದಲ್ಲಿದೆ ಅಂತ ಕ್ಲೈಂಟ್ ನಂಬಬಹುದು. ಚೀಟಿಯಲ್ಲಿ ಗೀಚಿಕೊಳ್ಳೋ ಹಾಗಿಲ್ಲ. ಗಿರಾಕಿಯನ್ನ ನಿಲ್ಲಿಸಿ, ಖಾತೆ ಪುಸ್ತಕ ತೆಗೆದು, ಬರೆದು, ಆಮೇಲೆ 'ಆಯ್ತು ಸ್ವಾಮಿ' ಅನ್ನಬೇಕು.

ಇದರ ಬೆಲೆ ಎಷ್ಟು ನೋಡಿ. ಆ ಆವೃತ್ತಿಯಲ್ಲಿ ಒಂದು ಸಲಕ್ಕೆ ಕಳಿಸಬಹುದಾಗಿದ್ದು ಹೆಚ್ಚೆಂದರೆ 8 ಕಿಲೋಬೈಟ್. ಅಷ್ಟು ಬರೆಯೋದಕ್ಕೆ ಮಾಹಿತಿಯನ್ನೊಂದು ಸಲ, ಫೈಲಿನ ಗಾತ್ರ-ಸಮಯ ಇರೋ ಐನೋಡನ್ನೊಂದು ಸಲ, ಫೈಲು ದೊಡ್ಡದಾಗಿದ್ದರೆ ತುಂಡುಗಳ ವಿಳಾಸಪಟ್ಟಿಯನ್ನ ಇನ್ನೊಂದು ಸಲ, ಹೀಗೆ ಡಿಸ್ಕಿಗೆ ಮೂರು ಸಲ ಹೋಗಬೇಕಾಗಬಹುದು. ಮೂರೂ ಡಿಸ್ಕಿನ ಬೇರೆ ಬೇರೆ ಮೂಲೆಯಲ್ಲಿ. ನಿಮಿಷಕ್ಕೆ 3600 ಸುತ್ತು ತಿರುಗೋ ಡಿಸ್ಕ್ ಒಂದು ಸುತ್ತು ಮುಗಿಸೋಕೇ ಸುಮಾರು 17 ಮಿಲಿಸೆಕೆಂಡ್ ಬೇಕು, ಅದರ ಮೇಲೆ ತೋಳು ಸರಿಯೋ ಹೊತ್ತು. ಒಂದು ಮೆಗಾಬೈಟಿನ ಫೈಲು ಅಂದ್ರೆ 128 ತುಂಡು, ಕೆಟ್ಟ ದಿನ 384 ಸಲ ಡಿಸ್ಕ್ ಪ್ರವಾಸ. ಓದೋಕೆ ಚುರುಕಾಗಿದ್ದ ಎನ್‌ಎಫ್‌ಎಸ್ ಬರೆಯೋಕೆ ಬಂದ್ರೆ ಎತ್ತಿನ ಗಾಡಿ.

ಅದೇ ಕಾಲದಲ್ಲಿ ಬೇರೆಯವರು ಬೇರೆ ದಾರಿ ಹಿಡಿದಿದ್ದರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಂಡ್ರ್ಯೂ ಫೈಲ್ ಸಿಸ್ಟಮ್ಮಿನಲ್ಲಿ ಫೈಲನ್ನ ಇಡಿಯಾಗಿ ನಿಮ್ಮ ಕಂಪ್ಯೂಟರಿಗೇ ತಂದು, ಅಲ್ಲೇ ತಿದ್ದಿ, ಮುಚ್ಚುವಾಗ ಒಟ್ಟಿಗೆ ಸರ್ವರಿಗೆ ಒಪ್ಪಿಸೋ ಪದ್ಧತಿ. ಮದ್ರಾಸ್ ಐಐಟಿಯಲ್ಲಿ ಓದಿ ಅಲ್ಲಿಗೆ ಹೋದ ಮಹದೇವ್ ಸತ್ಯನಾರಾಯಣನ್ ಅದನ್ನ ಕಟ್ಟಿದವರಲ್ಲಿ ಒಬ್ಬರು. ಬರ್ಕ್ಲಿಯಲ್ಲಿ ಔಸ್ಟರ್‌ಹೌಟ್ ತಂಡದ ಸ್ಪ್ರೈಟ್ ಇನ್ನೂ ಧೈರ್ಯದ್ದು. ಹೊಸದಾಗಿ ಬರೆದದ್ದು ಕ್ಲೈಂಟಿನ ಮೆಮೊರಿಯಲ್ಲೇ 30 ಸೆಕೆಂಡ್ ಕೂತಿರುತ್ತೆ. 5 ಸೆಕೆಂಡಿಗೊಮ್ಮೆ ನೋಡಿ, 30 ಸೆಕೆಂಡಿನಿಂದ ಮುಟ್ಟದೇ ಇರೋದನ್ನ ಸರ್ವರಿಗೆ ಕಳಿಸೋದು. ಸರ್ವರ್ ಕೂಡ ಹಾಗೇ ತಡೆದು ಡಿಸ್ಕಿಗೆ ಇಳಿಸೋದು. ಒಂದೇ ಫೈಲನ್ನ ಇಬ್ಬರು ಒಟ್ಟಿಗೆ ತೆರೆದು ಒಬ್ಬರು ಬರೆಯೋಕೆ ಹೊರಟರೆ ಸರ್ವರ್ ಆ ಫೈಲಿಗೆ ಕ್ಯಾಶನ್ನೇ ನಿಲ್ಲಿಸಿಬಿಡ್ತಿತ್ತು. 1988ರ ಅವರ ಪ್ರಬಂಧದ ಪ್ರಕಾರ ಡಿಸ್ಕೇ ಇಲ್ಲದ ಕಂಪ್ಯೂಟರ್‌ಗಳು ಡಿಸ್ಕ್ ಇರೋವಕ್ಕಿಂತ ಶೇಕಡಾ 0ರಿಂದ 12ರಷ್ಟು ಮಾತ್ರ ನಿಧಾನ. ಬದಲಿಗೆ, ಕುಸಿತವಾದ್ರೆ ಕೊನೆಯ ಸ್ವಲ್ಪ ಹೊತ್ತಿನ ಕೆಲಸ ಹೋಗಬಹುದು. ಅದನ್ನ ಅವರು ಮುಚ್ಚಿಡಲಿಲ್ಲ, ಬಳಸುವವರಿಗೆ ಮೊದಲೇ ಗೊತ್ತಿತ್ತು.

ಗೊತ್ತಿದ್ದು ತಗೊಳ್ಳೋ ಅಪಾಯ ಒಂದು, ಗೊತ್ತಿಲ್ಲದೆ ಬೀಳೋ ಪೆಟ್ಟು ಇನ್ನೊಂದು. ಮಾರುಕಟ್ಟೆ ಗೆದ್ದದ್ದು ಎನ್‌ಎಫ್‌ಎಸ್, ಅಲ್ಲಿ ಎರಡನೆಯದು ಶುರುವಾಯ್ತು. ನಿಯಮ ಪಾಲಿಸೋ ಸರ್ವರ್ ನಿಧಾನ, ಪಾಲಿಸದೇ ಇರೋದು ಚುರುಕು. 'ಅಸಿಂಕ್' ಅನ್ನೋ ಒಂದು ಆಯ್ಕೆ ಹಾಕಿದರೆ ಸಾಕು, ಸರ್ವರ್ ಮೆಮೊರಿಗೆ ಹಾಕಿಕೊಂಡು 'ಬರೆದಾಯ್ತು' ಅಂದುಬಿಡುತ್ತೆ. ಪರೀಕ್ಷೆಯ ಅಂಕಪಟ್ಟಿಯಲ್ಲಿ ವೇಗ ಕಾಣುತ್ತೆ, ಸುಳ್ಳು ಕಾಣಲ್ಲ. ನಮ್ಮ ಪ್ರೀತಿಯ ಲಿನಕ್ಸ್ ಕೂಡ ಇದಕ್ಕೆ ಹೊರತಲ್ಲ. ಅದರ ಎನ್‌ಎಫ್‌ಎಸ್-ಯುಟಿಲ್ಸ್ 1.0.0 ಆವೃತ್ತಿವರೆಗೆ ಯಾರೂ ಏನೂ ಹೇಳದಿದ್ದರೆ ಅಸಿಂಕೇ ಜಾರಿಯಲ್ಲಿರ್ತಿತ್ತು. ಆಮೇಲಿನ ಆವೃತ್ತಿಗಳಲ್ಲಿ ಸಿಂಕ್ ಮಾಡಿದರು. ಅಪ್‌ಗ್ರೇಡ್ ಮಾಡಿದವರಿಗೆ 'ಹೊಸ ಆವೃತ್ತಿ ಯಾಕಿಷ್ಟು ನಿಧಾನ' ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಸತ್ಯ ಹೇಳೋಕೆ ಶುರು ಮಾಡಿದ್ದೇ ಆ ನಿಧಾನಕ್ಕೆ ಕಾರಣ!

ಹಾಗಾದ್ರೆ ಸುಳ್ಳು ಹೇಳದೇ ವೇಗ ಪಡೆಯೋದು ಹೇಗೆ? ಮೂರು ಉತ್ತರ ಬಂದವು. ನನಗೆ ಈ ಕಥೆಯಲ್ಲಿ ಅತಿ ಇಷ್ಟವಾದ ಭಾಗ ಇದೇ.

ಮೊದಲನೆಯದು ಬ್ಯಾಟರಿ. ಸ್ಥಿರವಾದ ಜಾಗ ಅಂದ್ರೆ ಡಿಸ್ಕೇ ಆಗಬೇಕು ಅಂತ ಯಾರು ಹೇಳಿದ್ದು? ಕರೆಂಟು ಹೋದರೂ ಮರೆಯದ ಮೆಮೊರಿ ಇದ್ದರೆ ಅದೂ ಸ್ಥಿರವೇ. 1989ರ ಹೊತ್ತಿಗೆ ಲೆಗಾಟೋ ಅನ್ನೋ ಕಂಪನಿ ಪ್ರೆಸ್ಟೋಸರ್ವ್ ಅನ್ನೋ ಬೋರ್ಡ್ ತಂದಿತು. ಅದರ ಮೇಲೆ ಬ್ಯಾಟರಿ ಕಾವಲಿನ ಮೆಮೊರಿ. ಬರೆದದ್ದು ಮೊದಲು ಅಲ್ಲಿಗೆ, ಕೂಡಲೇ ಉತ್ತರ, ಆಮೇಲೆ ಡಿಸ್ಕಿಗೆ. ಮಜಾ ಅಂದ್ರೆ ಲೆಗಾಟೋ ಶುರು ಮಾಡಿದವರಲ್ಲಿ ಸನ್ ಬಿಟ್ಟು ಬಂದ ಬಾಬ್ ಲಯನ್, ರಸೆಲ್ ಸ್ಯಾಂಡ್‌ಬರ್ಗ್ ಇದ್ದರು. ಕಠಿಣ ಷರತ್ತು ಹಾಕಿದವರೇ ಅದರ ಮದ್ದನ್ನೂ ಮಾರಿದರು :)

1992ರಲ್ಲಿ ಡೇವ್ ಹಿಟ್ಜ್, ಜೇಮ್ಸ್ ಲಾವ್, ಮೈಕೆಲ್ ಮಾಲ್ಕಮ್ ಹುಟ್ಟುಹಾಕಿದ ನೆಟ್‌ಆಪ್ ಕಂಪನಿ ಇದನ್ನ ಇನ್ನೂ ಜಾಣತನದಿಂದ ಬಳಸಿತು. ಹಳೇ ಅಂಗಡಿ ಲೆಕ್ಕದಲ್ಲಿ ಕಿರ್ದಿ, ಖತಾವಣಿ ಅಂತ ಎರಡು ಪುಸ್ತಕ ಇರ್ತಿದ್ದವು ನೆನಪಿದೆಯಾ? ದಿನದ ವ್ಯವಹಾರ ನಡೆದ ಕ್ರಮದಲ್ಲೇ ಕಿರ್ದಿಗೆ, ಆಮೇಲೆ ವಿಂಗಡಿಸಿ ಖತಾವಣಿಗೆ. ನೆಟ್‌ಆಪ್ ಮಾಡಿದ್ದು ಅದನ್ನೇ. ಬ್ಯಾಟರಿ ಮೆಮೊರಿಯಲ್ಲಿ ಡಿಸ್ಕಿನ ತುಂಡುಗಳನ್ನ ಇಡೋ ಬದಲು, ಬಂದ ಕೋರಿಕೆಗಳನ್ನೇ ಸಾಲಾಗಿ ಬರೆದಿಟ್ಟುಕೊಳ್ತಿತ್ತು. ಹತ್ತು ಸೆಕೆಂಡಿಗೊಮ್ಮೆ, ಅಥವಾ ಕಿರ್ದಿ ತುಂಬಿದಾಗ, ಎಲ್ಲವನ್ನೂ ಒಟ್ಟಿಗೆ ಡಿಸ್ಕಿಗೆ ಇಳಿಸೋದು. ಅಷ್ಟು ಹೊತ್ತು ಹೊಸ ಕೋರಿಕೆಗಳು ಕಿರ್ದಿಯ ಇನ್ನರ್ಧಕ್ಕೆ. ಕುಸಿದು ಎದ್ದರೆ, ಡಿಸ್ಕಿನ ಮೇಲಿನ ಕೊನೆಯ ಸುಸ್ಥಿತಿಯಿಂದ ಶುರು ಮಾಡಿ ಕಿರ್ದಿಯಲ್ಲಿರೋ ಕೋರಿಕೆಗಳನ್ನ ಮತ್ತೊಮ್ಮೆ ನಡೆಸೋದು.

ಎರಡನೆಯದು ಒಟ್ಟುಗೂಡಿಸೋದು. ಇದಕ್ಕೆ ಹೊಸ ಬೋರ್ಡೂ ಬೇಡ, ಹೊಸ ನಿಯಮವೂ ಬೇಡ. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಚೆಟ್ ಜಸ್‌ಝಾಕ್ 1994ರಲ್ಲಿ ವಿವರಿಸಿದ ಉಪಾಯ. ಒಂದು ತುಂಡು ಬಂದ ಕೂಡಲೇ ಸರ್ವರ್ ಅವಸರ ಪಡಬಾರದು. ಅದೇ ಫೈಲಿನ ಇನ್ನಷ್ಟು ತುಂಡುಗಳು ಹಿಂದೇನೇ ಬರ್ತಾ ಇವೆಯಾ ಅಂತ ಚೂರು ಕಾದು ನೋಡಬೇಕು. ಬಂದ್ರೆ ಎಲ್ಲಾ ಮಾಹಿತಿ ಬರೆದು, ಐನೋಡನ್ನ ಒಂದೇ ಸಲ ಬರೆದು, ಆಮೇಲೆ ಎಲ್ಲರಿಗೂ ಸಾಲಾಗಿ ಉತ್ತರ. ಒಂದೊಂದು ಕೋರಿಕೆಗೆ ಕೊಂಚ ತಡವಾದರೂ ಒಟ್ಟು ಕೆಲಸ ಬೇಗ. ಮಾತು ತಪ್ಪಿಲ್ಲ, ಬರೀ ಮಾತಾಡೋ ಹೊತ್ತನ್ನ ಸ್ವಲ್ಪ ಮುಂದೆ ಹಾಕಿದ್ದು.

ಮೂರನೆಯದೇ ದೊಡ್ಡದು. ಮಾತನ್ನೇ ಬದಲಾಯಿಸೋದು. 1995ರ ಜೂನಿನಲ್ಲಿ ಆರ್‌ಎಫ್‌ಸಿ 1813 ಆಗಿ ಹೊರಬಂದ ಎನ್‌ಎಫ್‌ಎಸ್ ಮೂರನೇ ಆವೃತ್ತಿಯಲ್ಲಿ 'ಬರೆದಾಯ್ತು' ಅನ್ನೋ ಒಂದು ಮಾತನ್ನ ಎರಡಾಗಿ ಒಡೆದರು. ಕ್ಲೈಂಟ್ ಬರೆಯೋಕೆ ಕಳಿಸುವಾಗ 'ಸದ್ಯಕ್ಕೆ ಮೆಮೊರಿಯಲ್ಲಿದ್ದರೂ ಸಾಕು' ಅನ್ನಬಹುದು. ಸರ್ವರ್ 'ಸಿಕ್ಕಿದೆ, ಆದರೆ ಡಿಸ್ಕಿಗೆ ಹೋಗಿಲ್ಲ' ಅಂತ ನಿಜವನ್ನೇ ಹೇಳುತ್ತೆ. ಹಾಗಾಗಿ ಕ್ಲೈಂಟ್ ತನ್ನ ಪ್ರತಿಯನ್ನ ಎಸೆಯೋ ಹಾಗಿಲ್ಲ. ಆಮೇಲೆ ಯಾವಾಗಲೋ 'ಕಮಿಟ್' ಅಂತ ಕೇಳುತ್ತೆ. ಸರ್ವರ್ ಎಲ್ಲಾ ಡಿಸ್ಕಿಗೆ ಇಳಿಸಿ 'ಈಗ ಆಯ್ತು' ಅಂದಮೇಲೇ ಕ್ಲೈಂಟ್ ಕೈತೊಳೆದುಕೊಳ್ಳೋದು.

ಈ ಎರಡರ ನಡುವೆ ಸರ್ವರ್ ಸತ್ತು ಎದ್ದಿದ್ರೆ? ಅದಕ್ಕೊಂದು ಪುಟ್ಟ ಉಪಾಯ. ಪ್ರತಿ ಉತ್ತರದ ಜೊತೆ ಸರ್ವರ್ 8 ಬೈಟಿನ ಒಂದು ಗುರುತು ಕಳಿಸುತ್ತೆ, ಸಾಮಾನ್ಯವಾಗಿ ತಾನು ಎದ್ದ ಹೊತ್ತು. ಬರೆದಾಗ ಬಂದ ಗುರುತು, ಕಮಿಟ್ ಆದಾಗ ಬಂದ ಗುರುತು ಒಂದೇ ಆಗಿದ್ರೆ ಎಲ್ಲಾ ಕ್ಷೇಮ. ಬೇರೆ ಆಗಿದ್ರೆ 'ಓಹೋ, ನಡುವೆ ಯಜಮಾನರು ಒಂದು ಸಲ ಮೂರ್ಛೆ ಹೋಗಿ ಎದ್ದಿದ್ದಾರೆ' ಅಂತ ಕ್ಲೈಂಟಿಗೆ ತಿಳಿಯುತ್ತೆ. ತನ್ನ ಹತ್ತಿರ ಉಳಿಸಿಕೊಂಡಿದ್ದನ್ನ ಮತ್ತೆ ಕಳಿಸುತ್ತೆ. ಅಷ್ಟೇ! ಸರ್ವರ್ ಈಗಲೂ ಯಾರನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. 1985ರ ಸರಳತೆ ಉಳೀತು, ಎತ್ತಿನ ಗಾಡಿ ಹೋಯ್ತು.

ಅಲ್ಲಿಗೆ ಕಥೆ ಮುಗೀತಾ? ಇಲ್ಲ. ಹೊಣೆ ಸರ್ವರಿನಿಂದ ಕ್ಲೈಂಟಿಗೆ ಸರಿದಿತ್ತು. ಕಮಿಟ್ ಆಗೋವರೆಗೆ ಕ್ಲೈಂಟ್ ತನ್ನ ಮೆಮೊರಿಯಲ್ಲಿ ಎಲ್ಲವನ್ನೂ ಹಿಡಿದುಕೊಂಡಿರಬೇಕು. ಮೆಮೊರಿ ತುಂಬ್ತಾ ಬಂದ್ರೆ? ಜಾಗ ಮಾಡೋಕೆ ಸರ್ವರಿಗೆ ಬರೆಯಬೇಕು, ಸರ್ವರಿಗೆ ಬರೆಯೋ ನೆಟ್‌ವರ್ಕ್ ಕೆಲಸಕ್ಕೇ ಒಂದಿಷ್ಟು ಮೆಮೊರಿ ಬೇಕು. ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ! ಹಾಗಾಗಿ ಬರೆಯದೇ ಉಳಿದದ್ದು ಇಷ್ಟಕ್ಕಿಂತ ಹೆಚ್ಚಾದ್ರೆ ಹಿನ್ನೆಲೆಯಲ್ಲಿ ಇಳಿಸೋಕೆ ಶುರು ಮಾಡು, ಇನ್ನೂ ಹೆಚ್ಚಾದ್ರೆ ಬರೆಯೋ ಪ್ರೋಗ್ರಾಮನ್ನೇ ತಡೆದು ನಿಲ್ಲಿಸು ಅನ್ನೋ ಮಿತಿಗಳು ಬಂದವು. 2009ರ ಲಿನಕ್ಸ್ 2.6.32ರಲ್ಲಿ ಈ ಕೆಲಸಕ್ಕೆ ಪ್ರತಿ ಸಂಗ್ರಹ ಸಾಧನಕ್ಕೂ ಬೇರೆ ಬೇರೆ ಆಳು ನೇಮಿಸಿದರು, ಒಂದು ನಿಧಾನವಾದರೆ ಎಲ್ಲವೂ ನಿಲ್ಲಬಾರದು ಅಂತ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಇರೋ ಸಂಖ್ಯೆಗಳು ಗೊತ್ತಾ? 5 ಸೆಕೆಂಡಿಗೊಮ್ಮೆ ನೋಡು, 30 ಸೆಕೆಂಡ್ ಹಳೆಯದಾದ್ದನ್ನ ಇಳಿಸು. ಸ್ಪ್ರೈಟ್ ಕಾಲದ ಅದೇ ಐದು, ಅದೇ ಮೂವತ್ತು!

ಇನ್ನು ಸರಪಳಿಯ ಕೊನೆಯ ಕೊಂಡಿ. ತಡವಾಗಿ ಬರೆಯುವಾಗ ಡಿಸ್ಕ್ ತುಂಬಿದ್ದರೆ, ಕೋಟಾ ಮುಗಿದಿದ್ದರೆ, ಆ ದೂರು ಯಾರಿಗೆ ಹೇಳೋದು? ಪ್ರೋಗ್ರಾಮು ಆಗಲೇ ಮುಂದೆ ಹೋಗಿದೆ. ಎನ್‌ಎಫ್‌ಎಸ್‌ನಲ್ಲಿ ಇಂಥ ದೂರು ಎಷ್ಟೋ ಸಲ ತಲುಪೋದು ಫೈಲು ಮುಚ್ಚುವಾಗ, ಅಂದ್ರೆ 'ಕ್ಲೋಸ್' ಕರೆದಾಗ. ಬಹಳಷ್ಟು ಪ್ರೋಗ್ರಾಮುಗಳು ಕ್ಲೋಸ್ ಏನು ಉತ್ತರ ಕೊಡ್ತು ಅಂತ ತಿರುಗಿಯೂ ನೋಡಲ್ಲ. ಲಿನಕ್ಸಿನ ಕೈಪಿಡಿಯೇ ಹಾಗೆ ಮಾಡಬೇಡ್ರಪ್ಪಾ, ಸದ್ದಿಲ್ಲದೆ ಮಾಹಿತಿ ಹೋಗುತ್ತೆ ಅಂತ ಎನ್‌ಎಫ್‌ಎಸ್ ಹೆಸರು ಹಿಡಿದು ಎಚ್ಚರಿಸಿದೆ.

2018ರಲ್ಲಿ ಇದೇ ಪ್ರಶ್ನೆ ಪೋಸ್ಟ್‌ಗ್ರೆಸ್ ಡೇಟಾಬೇಸಿನವರಿಗೆ ದೊಡ್ಡದಾಗಿ ಎದುರಾಯ್ತು. ಲಿನಕ್ಸಿನಲ್ಲಿ ಹಿನ್ನೆಲೆಯ ಬರವಣಿಗೆ ವಿಫಲವಾದರೆ ಆ ಪುಟಗಳಿಗೆ 'ಬರೆದಾಗಿದೆ' ಅನ್ನೋ ಗುರುತೇ ಬೀಳಬಹುದಿತ್ತು. ಡೇಟಾಬೇಸು 'ಎಫ್‌ಸಿಂಕ್' ಮಾಡಿ, ತಪ್ಪು ಅಂತ ಉತ್ತರ ಬಂದು, ಮತ್ತೊಮ್ಮೆ ಪ್ರಯತ್ನಿಸಿದರೆ ಎರಡನೇ ಸಲ 'ಎಲ್ಲಾ ಸರಿ' ಅಂತ ಬರ್ತಿತ್ತು! ಕೆಲವು ಸಂದರ್ಭದಲ್ಲಿ ಮೊದಲ ದೂರೂ ತಲುಪ್ತಿರಲಿಲ್ಲ. ದೂರು ಹೇಳೋ ಕ್ರಮವನ್ನ ಎನ್‌ಎಫ್‌ಎಸ್ ಕೆಲಸಕ್ಕೂ ಹೆಸರಾದ ಜೆಫ್ ಲೇಟನ್ 2017ರ ಲಿನಕ್ಸ್ 4.13ರಲ್ಲಿ ಬಹಳಷ್ಟು ಸುಧಾರಿಸಿದ್ದರು. ಪೋಸ್ಟ್‌ಗ್ರೆಸ್‌ನವರು 2019ರ ಫೆಬ್ರವರಿಯ ಆವೃತ್ತಿಗಳಲ್ಲಿ ಒಂದು ಕಟುವಾದ ನಿಯಮ ತಂದರು. ಎಫ್‌ಸಿಂಕ್ ಒಂದು ಸಲ ವಿಫಲವಾದರೆ ಮತ್ತೆ ಕೇಳೋದು ಬೇಡ, ಡೇಟಾಬೇಸ್ ತಾನೇ ಕುಸಿದು ಬೀಳಲಿ, ತನ್ನ ಕಿರ್ದಿಯಿಂದ ಎಲ್ಲವನ್ನೂ ಮತ್ತೆ ಕಟ್ಟಲಿ. ಕೇಳೋಕೆ ಅತಿ ಅನ್ನಿಸುತ್ತೆ. ಆದರೆ ಒಮ್ಮೆ ಸುಳ್ಳು ಹೇಳಿದವರ ಎರಡನೇ ಮಾತನ್ನ ನಂಬೋದಕ್ಕಿಂತ ನಮ್ಮ ಪುಸ್ತಕವನ್ನೇ ನಂಬೋದು ವಾಸಿ ತಾನೇ?

ಇಡೀ ಕಥೆ ನೋಡಿದರೆ ನನಗೆ ಕಾಣೋದು ಇಷ್ಟು. ಈ ನಲವತ್ತು ವರ್ಷದಲ್ಲಿ ಡಿಸ್ಕ್ ವೇಗವಾಯ್ತು, ನೆಟ್‌ವರ್ಕ್ ವೇಗವಾಯ್ತು. ಆದರೆ ಮಾಹಿತಿ ಕಳೆದುಹೋಗದ ಹಾಗೆ ಕಾದದ್ದು ಪ್ರತಿ ಸಲವೂ ಒಂದೇ ನಿಯಮ: ಮುಂದಿನವರು ನಿಜವಾಗಿ ವಹಿಸಿಕೊಂಡರು ಅಂತ ಗೊತ್ತಾಗೋವರೆಗೆ ಹಿಂದಿನವರು ತಮ್ಮ ಪ್ರತಿ ಬಿಡಬಾರದು. ನಿಧಾನ ಆದಾಗಲೆಲ್ಲ ಈ ನಿಯಮ ಮುರಿಯೋ ಆಸೆ ಹುಟ್ಟಿದೆ. ಮೂರನೇ ಆವೃತ್ತಿಯವರು ಅದನ್ನ ಮುರೀಲಿಲ್ಲ, ಅರ್ಧ ಕೆಲಸಕ್ಕೆ ಅರ್ಧ ಮಾತು ಅಂತ ಹೇಳೋ ದಾರಿ ಹುಡುಕಿದರು. ವೇಗ ಅಲ್ಲಿಂದ ಬಂತು.

ನಿಮ್ಮ ಕೈಯಲ್ಲಿ ಒಂದು ಫೈಲ್ ಸರ್ವರ್ ಇದ್ದರೆ ಇವತ್ತೇ ಅದರ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ 'ಅಸಿಂಕ್' ಇದೆಯಾ ಅಂತ ಒಮ್ಮೆ ನೋಡಿ. ಇದ್ದರೆ ಯಾರು, ಯಾಕೆ ಹಾಕಿದ್ದು ಅಂತ ವಿಚಾರಿಸಿ. 'ಯುಪಿಎಸ್ ಇದೆಯಲ್ಲ' ಅಂತ ಉತ್ತರ ಬಂದರೆ, ಕರೆಂಟು ಇದ್ದಾಗಲೂ ಕರ್ನಲ್ ಬೀಳುತ್ತೆ ಅಂತ ನೆನಪಿಸಿ. ಡಿಸ್ಕಿನೊಳಗೂ ಒಂದು ಪುಟ್ಟ ಕ್ಯಾಶ್ ಇದೆ, ಅದೂ ಕೆಲವೊಮ್ಮೆ ಬರೆಯದೇ 'ಬರೆದೆ' ಅನ್ನುತ್ತೆ, ಆದರೆ ಅದರದ್ದೇ ಒಂದು ಪುರಾಣ, ಇನ್ನೊಂದು ಪೋಸ್ಟಿಗೆ ಇರಲಿ.

ಹೀಗೆ ನಡುವೆ ತೂತು ಬಿದ್ದ ಫೈಲು ನಿಮ್ಮಲ್ಲಿ ಯಾರಿಗಾದರೂ ಸಿಕ್ಕಿತ್ತಾ? ಕಾರಣ ಹೇಗೆ ಪತ್ತೆ ಮಾಡಿದಿರಿ? ಬರೆದು ತಿಳಿಸಿ. ಬರೆದದ್ದು ನಿಜಕ್ಕೂ ಬರೆದಾಯ್ತಾ ಅಂತ ನೋಡ್ಕೊಂಡು ಬರೀರಿ ಮತ್ತೆ :)